1964ರ ಪಾಂಟಿಯಾಕ್ ಜಿಟಿಒ ಕಾರಿನ ಎಂಜಿನ್ ಕುರಿತು ಸ್ಪಷ್ಟನೆ

1964ರ ಪಾಂಟಿಯಾಕ್ ಜಿಟಿಒ ಕಾರುಗಳಲ್ಲಿ ಕೆಲವು 421 ಘನ ಇಂಚಿನ ಎಂಜಿನ್‌ನೊಂದಿಗೇ ಕಾರ್ಖಾನೆಯಿಂದ ಹೊರಬಂದಿದ್ದವು ಎಂಬ ಮಾತು ಹಳೆಯ ಅಮೆರಿಕನ್ ಕಾರುಗಳ ಅಭಿಮಾನಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇದು ಸರಿಯಲ್ಲ. ಆ ವರ್ಷ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಐಚ್ಛಿಕ ಪ್ಯಾಕೇಜ್ ಆಗಿ ಬಂದ ಜಿಟಿಒಗೆ ಕಾರ್ಖಾನೆ ಕೊಟ್ಟದ್ದು 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರ್‌ನ ವಿ8 ಎಂಜಿನ್ ಮಾತ್ರ: ನಾಲ್ಕು ಬ್ಯಾರೆಲ್‌ನ (ಅಂದರೆ ಗಾಳಿ ಹಾಯುವ ನಾಲ್ಕು ಕೊಳವೆಗಳ) ಒಂದೇ ಕಾರ್ಬ್ಯುರೇಟರ್ ಇದ್ದರೆ 325 ಅಶ್ವಶಕ್ತಿ, ಮೂರು ಕಾರ್ಬ್ಯುರೇಟರ್‌ಗಳ ‘ಟ್ರೈ-ಪವರ್’ ಇದ್ದರೆ 348. 421 ಎಂಜಿನ್ ಕಂಪನಿಯ ದೊಡ್ಡ ಕಾರುಗಳಿಗೆ ಮೀಸಲಾಗಿತ್ತು.

ಗೊಂದಲದ ಮೂಲ ‘ಕಾರ್ ಆ್ಯಂಡ್ ಡ್ರೈವರ್’ ಪತ್ರಿಕೆಯ ಮಾರ್ಚ್ 1964ರ ಪರೀಕ್ಷೆ. ಅಲ್ಲಿ ಗಂಟೆಗೆ 60 ಮೈಲಿ ವೇಗವನ್ನು 4.6 ಸೆಕೆಂಡಿನಲ್ಲಿ ಮುಟ್ಟಿದ ಕಾರಿನಲ್ಲಿ, ಮಿಷಿಗನ್‌ನ ಮಾರಾಟ ಮಳಿಗೆ ರಾಯಲ್ ಪಾಂಟಿಯಾಕ್ ಗುಟ್ಟಾಗಿ 421 ಎಂಜಿನ್ ಕೂರಿಸಿತ್ತೆಂಬುದನ್ನು ಪಾಂಟಿಯಾಕ್‌ನ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ ಅನೇಕ ವರ್ಷಗಳ ನಂತರ ಒಪ್ಪಿಕೊಂಡರು. ಎರಡೂ ಎಂಜಿನ್‌ಗಳು ಹೊರನೋಟಕ್ಕೆ ಬಹುತೇಕ ಒಂದೇ ಬಗೆಯಾದ್ದರಿಂದ ಬದಲಾವಣೆ ಸುಲಭವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದ್ದರಿಂದ ‘ಮೂಲ 421 ಜಿಟಿಒ’ ಎಂದು ಹೆಚ್ಚಿನ ಬೆಲೆ ಕೇಳಿದರೆ, ಎಂಜಿನ್ನಿನ ಮುಖ್ಯ ಎರಕದ ಭಾಗವಾದ ಬ್ಲಾಕಿನ ಮುಂಭಾಗದಲ್ಲಿ ಒತ್ತಿರುವ ಸಂಕೇತವನ್ನೂ ಎರಕದ ಸಂಖ್ಯೆ ಮತ್ತು ದಿನಾಂಕವನ್ನೂ ದಯವಿಟ್ಟು ಪರಿಶೀಲಿಸಿ. ಅಂಥ ಎಂಜಿನ್ ಚೆನ್ನಾಗಿಯೇ ಓಡಬಹುದು, ಆದರೆ ಅದು ನಂತರ ಕೂರಿಸಿದ್ದು.