ಮಾತ್ರೆ ಮುಗಿದ ದಿನವೇ ಬೈಕ್ ಹತ್ತಬೇಡಿ: ಲೈಮ್ ಕಾಯಿಲೆ ಆದ ಸವಾರರಿಗೆ

ಅಮೆರಿಕದ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ ಕಡೆ ಇರುವ ಕನ್ನಡದ ಬೈಕ್ ಸವಾರರೇ, ಇದು ನಿಮಗಾಗಿ. ಜೂನ್‌ನಲ್ಲಿ ಉಣುಗು ಕಚ್ಚಿ, ಜುಲೈನಲ್ಲಿ ಲೈಮ್ ಅಂತ ಗೊತ್ತಾಗಿ, ಎರಡು ವಾರ ಮಾತ್ರೆ ನುಂಗಿ, ಎಲೆ ಕೆಂಪಾಗುವ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೈವೇ ಮೇಲಿರಬೇಕು ಅಂತ ಲೆಕ್ಕ ಹಾಕುವವರಿದ್ದಾರೆ. ಆಸೆ ತಪ್ಪಲ್ಲ. ಮಾತ್ರೆ ಮುಗಿಯುವ ತಾರೀಕನ್ನೇ ಸವಾರಿ ಶುರುಮಾಡುವ ತಾರೀಕು ಅಂದುಕೊಳ್ಳುವುದು ತಪ್ಪು. ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಊದಿದ ಮಂಡಿ, ಪೆಟ್ಟು ತಿಂದ ನರ, ಮಂಕಾದ ಗಮನ ಇವು ಸರಿಹೋಗಲು ತಮಗೆ ಬೇಕಾದಷ್ಟು ದಿನ ತಗೊಳ್ಳುತ್ತವೆ.

ಮಲೆನಾಡಿನವರಿಗೆ ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಲೈಮ್ ಬ್ಯಾಕ್ಟೀರಿಯಾದ್ದು. 1975ರ ಸುಮಾರಿಗೆ ಕನೆಕ್ಟಿಕಟ್‌ನ ಲೈಮ್, ಓಲ್ಡ್ ಲೈಮ್ ಊರುಗಳ ಮಕ್ಕಳಿಗೆ ಒಟ್ಟೊಟ್ಟಿಗೆ ಮಂಡಿ ಊದಿಕೊಂಡಾಗ ಇದರ ಬೆನ್ನುಹತ್ತಿದರು. ಬ್ಯಾಕ್ಟೀರಿಯಾಗೆ ಬೊರೇಲಿಯಾ ಬರ್ಗ್‌ಡಾರ್ಫರಿ ಅನ್ನುವ ಹೆಸರು ಬಂದದ್ದು ಅದನ್ನು ಪತ್ತೆಹಚ್ಚಿದ ವಿಲ್ಲಿ ಬರ್ಗ್‌ಡಾರ್ಫರ್ ಅವರಿಂದ. ಹೆಚ್ಚಾಗಿ ಕಾಯಿಲೆ ಅಂಟಿಸುವುದು ಮರಿ ಉಣುಗು. ಗಸಗಸೆ ಕಾಳಿನಷ್ಟೇ ಇರುವ ಅದರ ಹಾವಳಿ ಮೇಯಿಂದ ಜುಲೈವರೆಗೆ ಜೋರು. ಅಂದರೆ ಸವಾರಿಯ ಹಂಗಾಮಿನಲ್ಲೇ.

ಮಾತ್ರೆ ನಡೆಯುತ್ತಿರುವ ದಿನಗಳ ಮಾತು ಮೊದಲು. ಚರ್ಮದ ಮೇಲೆ ಹರಡುವ ಕೆಂಪು ಮಚ್ಚೆಯ ಹಂತದಲ್ಲೇ ಸಿಕ್ಕಿಬಿದ್ದರೆ ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, 10ರಿಂದ 14 ದಿನ. ಮಂಡಿಗೆ ಇಳಿದಿದ್ದರೆ 28 ದಿನ. ಲೋಟದ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ ಜೊತೆಗೆ ಬೇಡ, ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸವಾರರು ಮರೆಯುವ ಇನ್ನೊಂದು ವಿಷಯ ಬಿಸಿಲು. ಡಾಕ್ಸಿ ತಗೊಳ್ಳುವಾಗ ಚರ್ಮ ಬೇಗ ಸುಡುತ್ತದೆ. ಗ್ಲೌಸ್ ಮತ್ತು ಜಾಕೆಟ್ ತೋಳಿನ ನಡುವೆ ಕಾಣುವ ಎರಡು ಬೆರಳಗಲದ ಮಣಿಕಟ್ಟು, ಹೆಲ್ಮೆಟ್ ಕೆಳಗಿನ ಕತ್ತು, ಇವೆರಡೇ ಸಾಕು ಬೊಬ್ಬೆ ಏಳಲು. ಆ ದಿನಗಳಲ್ಲಿ ಬೈಕ್ ಗ್ಯಾರೇಜಿನಲ್ಲೇ ಇರಲಿ.

ಎರಡು ಲಕ್ಷಣ ಇದ್ದರಂತೂ ಡಾಕ್ಟರು ಬಾಯಿಬಿಟ್ಟು ಸರಿ ಅನ್ನುವವರೆಗೆ ಕೀಲಿ ಮುಟ್ಟಬೇಡಿ. ಒಂದು, ತಲೆ ಸುತ್ತು, ಎದೆ ಬಡಿತದಲ್ಲಿ ಏರುಪೇರು, ಕಣ್ಣು ಕತ್ತಲೆ. ಲೈಮ್ ಹೃದಯದ ವಿದ್ಯುತ್ ದಾರಿಗೆ ಅಡ್ಡಬಂದು, ನೋಡನೋಡುತ್ತಲೇ ಹಾರ್ಟ್ ಬ್ಲಾಕ್ ಮಾಡಬಲ್ಲದು. ಹೀಗಾದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ ಇಸಿಜಿ ಮಾಡಿಸಿ. ಎರಡು, ಮುಖದ ಒಂದು ಪಕ್ಕ ಜೋತುಬೀಳುವುದು. ಆ ಕಡೆಯ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಫುಲ್ ಫೇಸ್ ಹೆಲ್ಮೆಟ್ ಆದರೂ ಗದ್ದದ ಕೆಳಗಿನಿಂದ ಗಾಳಿ ನುಗ್ಗುತ್ತದೆ, ಕಣ್ಣು ಒಣಗುತ್ತದೆ, ಕರಿಗುಡ್ಡೆಯ ಮೇಲೆ ಗಾಯವಾಗುತ್ತದೆ. ಎರಡೂ ಕಣ್ಣು ಮೆಲ್ಲಗೆ ಮುಚ್ಚಿ, ಮನೆಯವರಿಗೆ ನೋಡಲು ಹೇಳಿ. ಬಿಳಿಯ ಗೆರೆ ಕಾಣುತ್ತಿದ್ದರೆ ಸವಾರಿ ಇಲ್ಲ.

ಇನ್ನು ರಕ್ತಪರೀಕ್ಷೆ. “ಇನ್ನೂ ಪಾಸಿಟಿವ್ ಬರ್ತಿದೆ, ವಾಸಿ ಆಗಿಲ್ಲ” ಅಂತ ಹೆದರಬೇಡಿ. ಆ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಅದು ವಾಸಿಯಾದ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಬೈಕ್ ಹತ್ತಬಹುದೋ ಇಲ್ಲವೋ ಅನ್ನುವುದನ್ನು ಲ್ಯಾಬ್ ಕಾಗದ ಹೇಳಲಾರದು. ಆ ಪರೀಕ್ಷೆ ಗ್ಯಾರೇಜಿನಲ್ಲೇ ಆಗಬೇಕು.

ಎಂಜಿನ್ ಆಫ್ ಇಟ್ಟು, ಬೈಕ್ ಮೇಲೆ ಕೂತು ಕ್ಲಚ್ ಲಿವರ್ ಪೂರ್ತಿ ಎಳೆದು ಬಿಡಿ, 30 ಸಲ. ಇಪ್ಪತ್ತರ ಹೊತ್ತಿಗೇ ಬೆರಳು ನಡುಗಿದರೆ ಅಥವಾ ಮರಗಟ್ಟಿದರೆ ಟ್ರಾಫಿಕ್ಕಿನಲ್ಲಿ ಕ್ಲಚ್ ಕೈಯಿಂದ ಜಾರಿ ಬೈಕ್ ಮುಂದಕ್ಕೆ ಎಗರುತ್ತದೆ. ಆದರೆ ತಪ್ಪನ್ನೆಲ್ಲ ಕೈ ಮೇಲೆ ಹಾಕುವ ಮೊದಲು ಕೇಬಲ್ ನೋಡಿ. ತಿಂಗಳುಗಟ್ಟಲೆ ನಿಂತ ಬೈಕಿನ ಕೇಬಲ್ ಒಣಗಿ ಬಿಗಿಯಾಗಿರುತ್ತದೆ. ಎಣ್ಣೆ ಬಿಟ್ಟು, ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಪ್ಲೇ, ಅಂದರೆ ಸಡಿಲ, ಇಟ್ಟು (ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ), ಮತ್ತೆ 30 ಸಲ ಎಳೆದು ನೋಡಿ. ಕೇಬಲ್ ತುದಿಯಲ್ಲಿ ಎಳೆ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿಸಿ.

ಆಮೇಲೆ ಮಂಡಿ. ಲೈಮ್ ಹೆಚ್ಚಾಗಿ ಹಿಡಿಯುವುದು ಇದನ್ನೇ, ಅದೂ ಬಹಳ ಸಲ ಒಂದೇ ಮಂಡಿಯನ್ನು. ಎಡ ಮಂಡಿಯಾದರೆ ಕಷ್ಟ ಜಾಸ್ತಿ. ಬೈಕ್ ಹತ್ತುವಾಗ ಬಲಗಾಲು ಎತ್ತಿದ ಕ್ಷಣ ಮೈಭಾರವೆಲ್ಲ ಎಡಗಾಲಿನ ಮೇಲೆ. ಗೇರ್ ಹಾಕುವುದೂ ಅದೇ ಕಾಲು, ಸೈಡ್ ಸ್ಟ್ಯಾಂಡ್ ಬಿಡಿಸುವುದೂ ಅದೇ ಕಾಲು. ಎಡಗಾಲೊಂದರಲ್ಲೇ 30 ಸೆಕೆಂಡ್ ಅಲುಗಾಡದೆ ನಿಲ್ಲಲು ಬರುತ್ತದಾ? ಸೈಡ್ ಸ್ಟ್ಯಾಂಡಿನಿಂದ ಬೈಕನ್ನು ನೆಟ್ಟಗೆ ಎತ್ತಿ, ಎಂಜಿನ್ ಇಲ್ಲದೆ ಇಪ್ಪತ್ತು ಹೆಜ್ಜೆ ತಳ್ಳಲು ಆಗುತ್ತದಾ? ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೋ. ಹೊಸದಾಗಿ ಚೇತರಿಸಿಕೊಂಡ ಮಂಡಿಗೆ ಅದು ಕಡಿಮೆ ಭಾರವಲ್ಲ. ಮಂಡಿ ಇನ್ನೂ ಊದಿದ್ದರೆ, ಬಿಸಿ ಇದ್ದರೆ, ಮಾತ್ರೆ ಮುಗಿದಿದ್ದರೂ ಕಾಯಬೇಕು. ಊತ ಇಳಿಯಲು ತಿಂಗಳುಗಳೇ ಹಿಡಿಯಬಹುದು. ಗೆಳೆಯರ ಹತ್ತಿರ ಇನ್ನೂ ಹಗುರದ ಬೈಕ್ ಇದ್ದರೆ ಮೊದಲ ತಿಂಗಳು ಅದನ್ನು ಕೇಳಿ ತಗೊಳ್ಳಿ.

ಬೈಕ್ ಕೂಡ ಮಲಗೆದ್ದದ್ದೇ ಅಲ್ಲವೇ. ನಿಂತ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಆರು ತಿಂಗಳು ದಾಟಿದ್ದರೆ ಖಾಲಿ ಮಾಡಿ ಹೊಸದು ತುಂಬಿಸಿ. ಟೈರಿನ ಗಾಳಿ, ಚೈನ್, ಬ್ರೇಕ್ ನೋಡುವುದು ನಿಮಗೆ ಗೊತ್ತೇ ಇದೆ. ಒಂದನ್ನು ಮಾತ್ರ ಒತ್ತಿ ಹೇಳಬೇಕು: ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿ ನೋಡಿ. ಅಲ್ಲಿನ ಗ್ಯಾರೇಜುಗಳಲ್ಲಿ ಇಲಿ ಒಳಗೆ ಗೂಡು ಕಟ್ಟುವುದುಂಟು. ಉಣುಗಿಗೆ ಲೈಮ್ ದಾಟಿಸುವುದೂ ಹೆಚ್ಚಾಗಿ ಬಿಳಿಗಾಲಿನ ಇಲಿಯೇ. ಗ್ಲೌಸ್ ಹಾಕಿ, ಗೂಡನ್ನು ಸೋಂಕುನಾಶಕದಲ್ಲಿ ನೆನೆಸಿ ತೆಗೆಯಿರಿ. ಒಣಗಿದ್ದಾಗ ಏರ್ ಹೊಡೆದು ಧೂಳೆಬ್ಬಿಸಬೇಡಿ.

ಮೊದಲ ಸವಾರಿ ಖಾಲಿ ಪಾರ್ಕಿಂಗ್ ಜಾಗದಲ್ಲಿ, 20 ನಿಮಿಷ. ನಿಧಾನಕ್ಕೆ ಎಂಟರ ಆಕಾರದಲ್ಲಿ ತಿರುಗಿಸಿ, ಗಂಟೆಗೆ 30 ಕಿ.ಮೀ. ವೇಗದಿಂದ ಎರಡೂ ಬ್ರೇಕ್ ಹಿಡಿದು ನಿಲ್ಲಿಸಿ, ಕತ್ತು ತಿರುಗಿಸಿ ಹಿಂದೆ ನೋಡಿ. ಇಂಡಿಕೇಟರ್ ಆಫ್ ಮಾಡಲು ಮರೆತಿರಾ, ಸ್ಟ್ಯಾಂಡ್ ಮರೆತಿರಾ, ಎಷ್ಟು ಸಲ? ಅದೇ ಮಂಕು. ಗಂಟೆಗೆ 60 ಮೈಲಿ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 27 ಮೀಟರ್ ಓಡುತ್ತದೆ. ಅರೆಕ್ಷಣದ ಮರೆವಿಗೂ ರಸ್ತೆಯಲ್ಲಿ ಅಳತೆ ಇದೆ.

ಸವಾರಿ ಮುಗಿದ ಮೇಲೆ ಎರಡು ದಿನ ಕಾಯಿರಿ. ಈ ಮಾತನ್ನು ಯಾರೂ ಕೇಳುವುದಿಲ್ಲ, ಇಡೀ ಬರಹದಲ್ಲಿ ಮುಖ್ಯವಾದದ್ದೂ ಇದೇ. ಸವಾರಿಯ ದಿನ ಹುರುಪಿನಲ್ಲಿ ಸುಸ್ತು ಗೊತ್ತಾಗುವುದಿಲ್ಲ, ಮಾರನೇ ದಿನವೋ ಅದರ ಮಾರನೇ ದಿನವೋ ಬಂದು ಕೆಡವುತ್ತದೆ. ಎರಡನೇ ದಿನದ ಸಂಜೆಯೂ ಮೈ ಹಗುರ ಇದ್ದರೆ ಮುಂದಿನದು 40 ನಿಮಿಷ, ಆಮೇಲೆ ಒಂದು ಗಂಟೆ. ಕೆಡವಿದರೆ ಹಿಂದಿನ ಹಂತಕ್ಕೆ ವಾಪಸ್, ಬೇಜಾರಿಲ್ಲದೆ. ಕ್ಯಾಂಕಮಾಗಸ್ ಸುಮಾರು 34 ಮೈಲಿ, ದಾರಿಯಲ್ಲಿ ಒಂದು ಪೆಟ್ರೋಲ್ ಬಂಕೂ ಇಲ್ಲ. ಎರಡು ಗಂಟೆಯ ಸವಾರಿ ಆದ ಮೇಲೂ ಮೈ ಚೆನ್ನಾಗಿರುವ ತನಕ ಅದನ್ನು ಮುಂದಕ್ಕೆ ಹಾಕಿ.

ಚಿಕಿತ್ಸೆ ಸರಿಯಾಗಿಯೇ ಆದರೂ ಕೆಲವರಿಗೆ ಸುಸ್ತು, ನೋವು, ಮರೆವು ಆರು ತಿಂಗಳು ದಾಟಿಯೂ ಉಳಿಯುತ್ತದೆ. ಅದು ಸೋಮಾರಿತನವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಮನೆಯವರು ಇದನ್ನು ನಂಬಬೇಕು. ಆದರೆ ಇದೇ ಸಂಕಟವನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ನರಕ್ಕೆ ಆಂಟಿಬಯಾಟಿಕ್ ಹಾಕಿಸಿ ಅನ್ನುವವರ ಬಳಿ ಹೋಗಬೇಡಿ. ಅದನ್ನು ಪರೀಕ್ಷಿಸಿ ನೋಡಿಯಾಗಿದೆ. ಉಳಿಯುವಂಥ ಲಾಭ ಕಾಣಲಿಲ್ಲ, ನರಕ್ಕೆ ಹಾಕಿದ ಕೊಳವೆಯಿಂದಲೇ ಸೋಂಕು ತಗಲಿ ಜೀವಕ್ಕೆ ಅಪಾಯ ಬಂದದ್ದುಂಟು. ನಿದ್ದೆ, ಫಿಸಿಯೋಥೆರಪಿ, ಅಳತೆಯ ಓಡಾಟದ ದಾರಿ ನಿಧಾನದ್ದು. ಆದರೂ ಅದನ್ನೇ ಹಿಡಿಯಿರಿ.

ಒಮ್ಮೆ ಬಂದ ಲೈಮ್ ಮತ್ತೆ ಬರಬಹುದು. ಓಡುವ ಬೈಕಿಗೆ ಉಣುಗು ಹತ್ತುವುದಿಲ್ಲ, ನಿಂತಾಗ ಹತ್ತುತ್ತದೆ. ರಸ್ತೆ ಬದಿಯ ಹುಲ್ಲಿನ ಮೇಲೆ ಜಾಕೆಟ್, ಹೆಲ್ಮೆಟ್ ಇಡಬೇಡಿ, ಸೀಟಿನ ಮೇಲೋ ಕನ್ನಡಿಗೋ ನೇತುಹಾಕಿ. ಬೂಟು, ಪ್ಯಾಂಟಿನ ಕೆಳಭಾಗಕ್ಕೆ ಉಣುಗು ಕೊಲ್ಲುವ 0.5% ಪರ್ಮೆಥ್ರಿನ್ ಹೊಡೆದು ಒಣಗಿಸಿ. ಚರ್ಮಕ್ಕೆ ಬೇಡ, ಒದ್ದೆ ಇರುವಾಗ ಬೆಕ್ಕಿನ ಹತ್ತಿರವೂ ಬೇಡ. ಮನೆಗೆ ಬಂದು ಒಣ ಬಟ್ಟೆಯನ್ನು ಡ್ರೈಯರ್‌ನಲ್ಲಿ ಜೋರು ಬಿಸಿಗೆ 10 ನಿಮಿಷ ಹಾಕಿ, ಎರಡು ಗಂಟೆಯೊಳಗೆ ಸ್ನಾನ ಮಾಡಿ, ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ತಡವಿ ನೋಡಿ. ಸಿಕ್ಕರೆ ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಚೂಪು ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನೇರಕ್ಕೆ ಎಳೆಯಿರಿ. ಕಿತ್ತದ್ದನ್ನು ಟೇಪಿಗೆ ಅಂಟಿಸಿ, ತಾರೀಕು ಬರೆದು ಫೋಟೋ ತೆಗೆದಿಡಿ. 36 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿತ್ತು ಅನ್ನಿಸಿದರೆ, ಕಿತ್ತ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ, 200 ಮಿ.ಗ್ರಾಂ. ಡಾಕ್ಸಿಯ ಒಂದೇ ಡೋಸ್ ಬೇಕಾ ಅಂತ ಅವರೇ ಹೇಳುತ್ತಾರೆ.