ಟಿಕೆಟ್ಟಿಗೆ ದೊಡ್ಡವ, ರೈಡಿಗೆ ಚಿಕ್ಕವ

ದಸರಾ ರಜೆಯಲ್ಲಿ ಬೆಂಗಳೂರಿನ ಅಪ್ಪಂದಿರಿಗೆ ಇರುವುದು ಎರಡೇ ದಾರಿ. ಮೈಸೂರಿನವರೆಗೂ ಹೋಗಿ ಫುಟ್‌ಪಾತಿನಲ್ಲಿ ಬಿಸಿಲಿಗೆ ನಿಂತು ಆನೆ ನೋಡುವುದು, ಇಲ್ಲವೇ ಅಷ್ಟು ದೂರ ಯಾಕೆಂದು ಊರಾಚೆಯ ಯಾವುದಾದರೂ ಥೀಮ್ ಪಾರ್ಕಿಗೆ ತಿರುಗಿ ಅಲ್ಲಿ ನಿಲ್ಲುವುದು. ಮೈಸೂರಿನ ಫುಟ್‌ಪಾತಿಗೆ ದುಡ್ಡಿಲ್ಲ. ಪಾರ್ಕಿನಲ್ಲಿ ನಿಲ್ಲುವುದಕ್ಕೆ ಟಿಕೆಟ್ಟೂ ಉಂಟು, ಅದರ ಮೇಲೆ ಶೇ 18 ಜಿಎಸ್‌ಟಿಯೂ ಉಂಟು. 2017ರ ಜುಲೈಯಲ್ಲಿ ಅದು ಶೇ 28 ಇತ್ತು. ಮಕ್ಕಳ ಜಾರುಬಂಡೆ, ಸಿಮೆಂಟು, ಪಾನ್ ಮಸಾಲಾ ಮೂರೂ ಒಂದೇ ಪಂಕ್ತಿಯಲ್ಲಿ ಕೂತಿದ್ದವು. 2018ರ ಜನವರಿಯಲ್ಲಿ ಯಾರಿಗೋ ಕನಿಕರ ಹುಟ್ಟಿ ಜಾರುಬಂಡೆಯನ್ನು ಎಬ್ಬಿಸಿದರು.

ನಿಜವಾದ ಪರೀಕ್ಷೆ ಶುರುವಾಗುವುದು ಕೌಂಟರಿನ ಪಕ್ಕದ ಅಳತೆಗೋಲಿನಲ್ಲಿ. ಪಾರ್ಕಿನವರಿಗೆ ಜನ್ಮದಿನಾಂಕ ಬೇಡ, ಸೆಂಟಿಮೀಟರು ಸಾಕು. ಗೆರೆ 140ರಲ್ಲಿದೆ ಎನ್ನಿ: ಅದಕ್ಕಿಂತ ಕೆಳಗಿದ್ದರೆ ಮಕ್ಕಳ ಟಿಕೆಟ್, ಮುಟ್ಟಿದರೆ ದೊಡ್ಡವರದು. ದೊಡ್ಡ ರೋಲರ್ ಕೋಸ್ಟರಿನ ಬಾಗಿಲಲ್ಲೂ ಅದೇ 140ರ ಗೆರೆ: ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಅಮ್ಮನ ಜೊತೆ ಬೆಂಚಿನ ಮೇಲೆ. ಹಾಗಾಗಿ ಕೌಂಟರಿನಲ್ಲಿ "ಪುಟ್ಟಾ, ಮಂಡಿ ಸ್ವಲ್ಪ ಮಡಚೋ" ಎಂದು ಪಿಸುಗುಟ್ಟುವ ಅಪ್ಪ, ರೈಡಿನ ಬಾಗಿಲಲ್ಲಿ "ಎದೆ ಸೆಟೆಸೋ, ಹಿಮ್ಮಡಿ ಎತ್ತೋ" ಎಂದು ಗದರುತ್ತಾನೆ. ದಪ್ಪ ಅಟ್ಟೆಯ ಶೂ ಹಾಕಿಸಿಕೊಂಡು ಬಂದವರೂ ಇದ್ದಾರೆ. ಸಿಬ್ಬಂದಿ ಅದನ್ನು ಬಿಚ್ಚಿಸುತ್ತಾರೆ. ಕೂದಲು ಎತ್ತಿ ಬಾಚಿದ್ದರೆ ತಲೆಯ ಮೇಲೆ ಪಟ್ಟಿ ಇಟ್ಟು ಒತ್ತುತ್ತಾರೆ.

ಇಲ್ಲಿ ಶರೀರಶಾಸ್ತ್ರವೂ ಪಾರ್ಕಿನವರ ಕಡೆಗೇ ಇದೆ. ಬೆನ್ನೆಲುಬಿನ ನಡುವಿನ ಡಿಸ್ಕುಗಳು ದಿನವಿಡೀ ಭಾರ ಹೊತ್ತು ನೀರು ಬಿಟ್ಟುಕೊಂಡು ತೆಳುವಾಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಮನುಷ್ಯ ಬೆಳಿಗ್ಗೆ ಸಂಜೆಗಿಂತ ಸುಮಾರು 1 ಸೆಂಟಿಮೀಟರ್ ಎತ್ತರ ಇರುತ್ತಾನೆ. ಅಂದರೆ ಟಿಕೆಟ್ ಕೊಳ್ಳುವ ಹತ್ತು ಗಂಟೆಗೆ ಹುಡುಗ ದೊಡ್ಡವ, ಸರತಿಯಲ್ಲಿ ನಿಂತು ನಿಂತು ರೈಡಿನ ಬಾಗಿಲು ಮುಟ್ಟುವ ಹೊತ್ತಿಗೆ ಚಿಕ್ಕವ. ಕುಗ್ಗಿಸಿದ್ದು ಸರತಿ, ವಾಪಸ್ ಕಳಿಸಿದ್ದು ಗೆರೆ.

ರೈಡಿನ ಗೆರೆಯೇನೂ ಸುಮ್ಮನೆ ಎಳೆದದ್ದಲ್ಲ. ಹೆಗಲ ಮೇಲೆ ಇಳಿಯುವ ಕಂಬಿ, ತೊಡೆಯ ಮೇಲೆ ಕೂರುವ ಕಂಬಿ ಎರಡನ್ನೂ ಒಂದು ಅಳತೆಯ ಮೈಗೆಂದು ಮಾಡಿರುತ್ತಾರೆ. ಚಿಕ್ಕ ಮೈ ಅದರಡಿ ಜಾರಿಬಿಡಬಹುದು. ಅಲ್ಲಿ ಹಿಮ್ಮಡಿ ಎತ್ತಿಸುವ ಅಪ್ಪನಿಗೆ ಬುದ್ಧಿ ಹೇಳಬೇಕಾದ್ದೇ. ಆದರೆ ಸುರಕ್ಷತೆಯ ಕೋಲನ್ನೇ ತಂದು ಗಲ್ಲಾಪೆಟ್ಟಿಗೆಯ ಪಕ್ಕ ನೆಟ್ಟವರಿಗೆ ಹೇಳುವವರು ಯಾರು?

ಇನ್ನು ಸರತಿಯ ಲೆಕ್ಕ. ರೈಡಿನಲ್ಲಿ 24 ಸೀಟು. ತಿರುಗುವುದು 2 ನಿಮಿಷ. ಇಳಿಸುವುದು, ಹತ್ತಿಸುವುದು, ಚಪ್ಪಲಿ ಬಿಡಿಸುವುದು, ಕಂಬಿ ಎಳೆದು ನೋಡುವುದು 4 ನಿಮಿಷ. ಗಂಟೆಗೆ 10 ಸುತ್ತು, 240 ಜನ. ನಿಮ್ಮ ಮುಂದೆ 480 ಮಂದಿ ಇದ್ದರೆ 2 ಗಂಟೆ. ಇದೂ ಸೀಟೆಲ್ಲ ತುಂಬಿದರೆ. "ಸಿಂಗಲ್ ಯಾರಾದ್ರೂ ಇದ್ದೀರಾ?" ಎಂದು ಸಿಬ್ಬಂದಿ ಗಂಟಲು ಹರಿದುಕೊಂಡರೂ ಯಾರೂ ಕದಲುವುದಿಲ್ಲ, ಇಡೀ ಸಂಸಾರ ಒಟ್ಟಿಗೇ ಕಿರುಚಬೇಕು. ಹೀಗೆ ಮೂರು ಸೀಟು ಖಾಲಿ ಹೊರಟರೆ ಗಂಟೆಗೆ 30 ಜನ ಖೋತಾ.

ಈಗ ಫಾಸ್ಟ್ ಟ್ರ್ಯಾಕ್ ಟಿಕೆಟ್ ಬರುತ್ತದೆ. ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಸಾಲು. ಅವರ ದುಡ್ಡಿನಿಂದ ರೈಡಿಗೆ ಇಪ್ಪತ್ತೈದನೆಯ ಸೀಟೇನೂ ಹುಟ್ಟುವುದಿಲ್ಲ. ನೀವು ಕೊಂಡ ಸೀಟನ್ನೇ ಇನ್ನೊಮ್ಮೆ ಮಾರಿರುತ್ತಾರೆ. ಅರ್ಧ ಸೀಟು ಆ ಸಾಲಿಗೆ ಹೋದರೆ ನಿಮ್ಮ 2 ಗಂಟೆ 4 ಆಯಿತು. ನೀವು ಹೆಚ್ಚು ನಿಂತಷ್ಟೂ ಆ ಟಿಕೆಟ್ಟಿಗೆ ಬೆಲೆ. ನೀವು ನಿಂತು ಮಾಡುವ ಜಾಹೀರಾತಿಗೆ ಸಂಬಳವಿಲ್ಲ. ಯಾರೂ ಜಗಳಕ್ಕೆ ಹೋಗುವುದಿಲ್ಲ, ದೇವಸ್ಥಾನದ ವಿಶೇಷ ದರ್ಶನದ ಸಾಲು ನೋಡಿ ಪಳಗಿದ ಜನ. ಜಾಣರು ಮಾಡುವುದಿಷ್ಟೇ: ಗೇಟು ತೆರೆದ ಕೂಡಲೇ ಮೊದಲ ರೈಡಿಗೆ ಮುಗಿಬೀಳದೆ ಪಾರ್ಕಿನ ಕಟ್ಟಕಡೆಗೆ ನಡೆದುಬಿಡುತ್ತಾರೆ. ಜನ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎರಡು ಮೂರು ರೈಡು ಆಗಿರುತ್ತದೆ.

ನೀರಿಗಿಳಿಯಲು ನೈಲಾನಿನಂಥ ಬಟ್ಟೆಯೇ ಆಗಬೇಕು. ಹತ್ತಿಯ ನೂಲು ಉದುರಿ ಫಿಲ್ಟರಿಗೆ ಸುತ್ತಿಕೊಳ್ಳುತ್ತದೆ, ನೆನೆದರೆ ಕಲ್ಲಿನಂತೆ ಭಾರ. ನ್ಯಾಯವಾದ ನಿಯಮ. ಅದು ಅಪ್ಪನಿಗೆ ನೆನಪಾಗುವುದು ಬಟ್ಟೆ ಮಾರುವ ಅಂಗಡಿಯ ಎದುರಿಗೆ ಬಂದ ಮೇಲೆ. ಮನೆಯಲ್ಲಿ ಹಳೆಯದು ಮೂರು ಜೊತೆ ಇದೆ.

ಮನೆಯ ಊಟ ಒಳಗೆ ಬಿಡುವುದಿಲ್ಲ, ಹಸುಗೂಸಿನ ಆಹಾರಕ್ಕೆ ಮಾತ್ರ ವಿನಾಯಿತಿ. ಆದ್ದರಿಂದ ಅವತ್ತು ಡೈಪರ್ ಬ್ಯಾಗಿನಲ್ಲಿ ಹದಿನಾಲ್ಕು ಚಪಾತಿ ಇರುತ್ತವೆ. ಚಪಾತಿ ಪಾರಾಗಬಹುದು, ಪುಳಿಯೋಗರೆ ಮಾತ್ರ ಬೇಡ. ಡಬ್ಬಿ ಎಷ್ಟು ಬಿಗಿಯಾಗಿದ್ದರೂ ಇಂಗು ತಾನೇ ಮುಂದೆ ಹೋಗಿ ಕಾವಲಿನವನಿಗೆ ನಮಸ್ಕಾರ ಹೇಳುತ್ತದೆ.

ಲಾಕರಿನ ಬಾಡಿಗೆ ದುಬಾರಿಯೆಂದು ಅಜ್ಜಿಯನ್ನು ಕರೆತಂದಿರುತ್ತಾರೆ. ಅಜ್ಜಿ ಏಳು ಗಂಟೆ ಹೊತ್ತು ಆರು ಜೊತೆ ಚಪ್ಪಲಿ, ನಾಲ್ಕು ಮೊಬೈಲು ಕಾಯುತ್ತಾರೆ. ಹಿರಿಯರ ರಿಯಾಯಿತಿ ಕಳೆದೂ ಅವರ ಟಿಕೆಟ್ಟಿಗಾದ ದುಡ್ಡಿನಲ್ಲಿ ಲಾಕರು ಬಂದು ಚಿಲ್ಲರೆ ಉಳಿಯುತ್ತಿತ್ತು.

ನಾಲ್ಕು ಗಂಟೆಗೆ ಗುಡುಗಿದರೆ ತೆರೆದ ಜಾಗದ ರೈಡು ನಿಲ್ಲಿಸುತ್ತಾರೆ, ಸರತಿ ಮಾತ್ರ ಕರಗುವುದಿಲ್ಲ. ಮಳೆ ನಿಂತು ರೈಡು ಶುರುವಾಗಿ ಪುಟ್ಟನ ಸರದಿ ಬಂದಾಗ ಗೆರೆಗೆ ಒಂದು ಬೆರಳು ಕಮ್ಮಿ. ರಾತ್ರಿ ಮನೆಯಲ್ಲಿ ಅಮ್ಮ ನಂಬದೆ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾಳೆ: 139. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಇನ್ನೊಮ್ಮೆ ನಿಲ್ಲಿಸುತ್ತಾನೆ: 140.