ಇರಿಂಗದಲ್ಲಿ ನಾನು ಹೊಸಬನಲ್ಲ

ಸ್ವಯಂಸೇವಕನಾಗಿ ಪರದೇಶಕ್ಕೆ ಹೊರಟು ನಿಂತವನಿಗೆ ಎಲ್ಲರೂ ಒಂದೇ ಸಮಾಧಾನ ಹೇಳುತ್ತಾರೆ: ಶುರುವಿನಲ್ಲಿ ಕಷ್ಟ, ಯಾರ ಪರಿಚಯವೂ ಇರುವುದಿಲ್ಲ, ಆಮೇಲೆ ಹೊಂದಿಕೊಳ್ಳುತ್ತೀಯ. ಟಾಂಜಾನಿಯಾದ ಇರಿಂಗಕ್ಕೆ ಗಣಿತ ಕಲಿಸಲು ಬಂದ ನನಗೆ ಆದದ್ದು ತಿರುಗುಮುರುಗು. ಹೊಂದಿಕೊಳ್ಳುವುದು ಸಲೀಸಾಗಿ ಆಗಿಹೋಯಿತು. ನಾನು ಬರುವ ಮೊದಲೇ ನನ್ನ ಪರಿಚಯ ಇಲ್ಲಿಗೆ ಬಂದು ಕುಳಿತಿತ್ತು. ಕಷ್ಟವಾದದ್ದು ಅದು.

ದಾರ್ ಎಸ್ ಸಲಾಮ್‌ನಿಂದ ಇಲ್ಲಿಗೆ ಬಸ್ಸಿನಲ್ಲಿ ಇಡೀ ಹಗಲಿನ ಪ್ರಯಾಣ. ಹೆದ್ದಾರಿ ಮಿಕುಮಿ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಅದನ್ನು ದಾಟಿದರೆ ರುವಾಹಾ ನದಿಯ ಕಣಿವೆ, ಅಲ್ಲಿ ಕಣ್ಣು ಹಾಯಿಸಿದಷ್ಟೂ ಬಾವೊಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ಬಾಯಿ ತೆರೆದು ನೋಡುತ್ತಾ ಬೆಳೆದವನು ನಾನು. ಅವುಗಳ ಇಡೀ ಬಂಧುಬಳಗ ಇಲ್ಲಿದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಿಟೋಂಗಾ ಘಟ್ಟ ಹತ್ತಿದ ಮೇಲೆ ಚಳಿ. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡವರಿಗೆ ಹೇಳಿಬಿಡುತ್ತೇನೆ, ಜೂನ್, ಜುಲೈ ತಿಂಗಳಲ್ಲಿ ಇಲ್ಲಿ ಸ್ವೆಟರ್ ಹಾಕದೆ ಬೆಳಗಾಗುವುದಿಲ್ಲ.

ಮನೆಯ ಒಡತಿ ಅರವತ್ತರ ಆಸುಪಾಸಿನ ಹೆಂಗಸು. ಇಲ್ಲಿ ಆ ವಯಸ್ಸಿನ ಹೆಂಗಸರೆಲ್ಲ 'ಮಾಮಾ', ಸ್ವಾಹಿಲಿಯಲ್ಲಿ ಅಮ್ಮ ಎಂದರ್ಥ. ನಾನು ಪೆಟ್ಟಿಗೆ ಇಳಿಸಿದ ಮರುದಿನ ಬೆಳಿಗ್ಗೆಯೇ ಅವರು ಬಣ್ಣದ ಕಾಂಗಾ ಸುತ್ತಿಕೊಂಡು, ನನ್ನನ್ನು ಮುಂದೆ ಮಾಡಿಕೊಂಡು, ಬೀದಿಯ ಮುಖ್ಯಸ್ಥರ ಕಚೇರಿಗೆ ಹೊರಟರು. ಟಾಂಜಾನಿಯಾದ ಪಟ್ಟಣಗಳಲ್ಲಿ ಪ್ರತಿ ಬಡಾವಣೆಗೂ ಒಬ್ಬ ಚುನಾಯಿತ ಅಧ್ಯಕ್ಷ ಇರುತ್ತಾನೆ. ಹೊಸಬರು ಯಾರೇ ಬಂದರೂ ಅವನ ಬಳಿ ಹೋಗಿ ಹೇಳಿಬರುವುದು ವಾಡಿಕೆ. ಅಂಚು ಮಡಚಿಹೋದ ರಿಜಿಸ್ಟರ್ ಒಂದರಲ್ಲಿ ನನ್ನ ಹೆಸರು, ದೇಶ, ಕೆಲಸ ಬರೆದುಕೊಂಡರು. 'ಯಾರ ಜವಾಬ್ದಾರಿ?' ಎಂದು ಕೇಳಿದಾಗ ನಾನು ನನ್ನ ಸಂಸ್ಥೆಯ ಪತ್ರಕ್ಕಾಗಿ ಚೀಲ ತಡಕಾಡುತ್ತಿದ್ದೆ. ಮಾಮಾ ಅಷ್ಟರಲ್ಲೇ 'ನನ್ನದು' ಎಂದು ರಿಜಿಸ್ಟರನ್ನು ತಮ್ಮತ್ತ ಎಳೆದುಕೊಂಡು ಸಹಿ ಹಾಕಿದರು. ನನ್ನ ಬಗ್ಗೆ ಅವರಿಗೆ ಆವರೆಗೆ ಗೊತ್ತಿದ್ದದ್ದು ಹೆಸರು ಮಾತ್ರ, ಅದನ್ನೂ ಅರ್ಧ ಹೇಳುತ್ತಿದ್ದರು.

ಊಟಕ್ಕೆ ಕುಳಿತರೆ ಮೊದಲು ಅತಿಥಿಯ ಕೈಗೆ ತಂಬಿಗೆಯಿಂದ ನೀರು ಹನಿಸುತ್ತಾರೆ. ಆಮೇಲೆ ಉಗಾಲಿ: ನಮ್ಮ ಮುದ್ದೆಯ ಬಿಳಿಯ ತಮ್ಮ, ಮೆಕ್ಕೆಜೋಳದ ಹಿಟ್ಟಿನದು. ಜೊತೆಗೆ ಹುರುಳಿಕಾಯಿ ಬೀಜದ ಸಾರು, ದಂಟಿನ ಸೊಪ್ಪಿನ ಪಲ್ಯ. ನಮ್ಮ ಹಾವೇರಿ ಜಿಲ್ಲೆಯಲ್ಲೂ ಮೈಲುಗಟ್ಟಲೆ ಮೆಕ್ಕೆಜೋಳವೇ. ಬೆಳೆದದ್ದನ್ನು ಲಾರಿಗೆ ತುಂಬಿ ಕೋಳಿಯ ಮೇವಿಗೆ ಕಳಿಸುತ್ತೇವೆ. 'ಹಾಗಾದರೆ ನೀವು ತಿನ್ನುವುದಿಲ್ಲವೇ?' ಎಂದು ಮಾಮಾ ಕೇಳಿದಾಗ ಅದನ್ನು ವಿವರಿಸಿ ಹೇಳುವ ಉತ್ಸಾಹ ಬರಲಿಲ್ಲ.

ಗಡಿಯಾರದ ವಿಷಯ ತಮಾಷೆಯದು. ಇಲ್ಲಿ ದಿನದ ಎಣಿಕೆ ಸೂರ್ಯೋದಯದಿಂದ. ನಮ್ಮ ಏಳು ಗಂಟೆ ಇವರಿಗೆ ಒಂದು ಗಂಟೆ. ಶಾಲೆ ಒಂದೂವರೆಗೆ ಆರಂಭ ಎಂದರೆ ಬೆಳಗಿನ ಏಳೂವರೆಗೆ. ನನಗಂತೂ ಇದೇ ಸರಿ ಎನ್ನಿಸತೊಡಗಿದೆ. ನಡುರಾತ್ರಿಯಲ್ಲಿ ದಿನ ಹುಟ್ಟುತ್ತದೆ ಎನ್ನುವುದರಲ್ಲಿ ಯಾವ ಘನಂದಾರಿ ತರ್ಕವಿದೆ?

ನನ್ನಂತೆಯೇ ಬಂದಿರುವ ಜರ್ಮನಿಯ ಹುಡುಗನೊಬ್ಬ ಇದೇ ಊರಿನಲ್ಲಿದ್ದಾನೆ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅವನ ಜೊತೆ ಕಲೆಂಗಾ ಎಂಬ ಹಳ್ಳಿಯ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಲೆಬುರುಡೆ ಇದೆ. ಹೆಹೆ ಜನರ ದೊರೆ ಮ್ಕ್ವಾವಾನದು. 1891ರಲ್ಲಿ ಲುಗಾಲೊ ಎಂಬಲ್ಲಿ ಜರ್ಮನ್ ಪಡೆಯನ್ನು ಧೂಳೀಪಟ ಮಾಡಿದವನು. 1898ರಲ್ಲಿ ಸೆರೆ ಸಿಗಲೊಲ್ಲದೆ ಗುಂಡು ಹಾರಿಸಿಕೊಂಡು ಸತ್ತ. ಜರ್ಮನ್ನರು ತಲೆಯನ್ನು ಕತ್ತರಿಸಿ ಒಯ್ದರು. ಅದನ್ನು ಮರಳಿಸಬೇಕೆಂದು 1919ರ ವರ್ಸೇಲ್ಸ್ ಒಪ್ಪಂದದಲ್ಲಿಯೇ ಬರೆದಿದ್ದರೂ ಬುರುಡೆ ಊರಿಗೆ ಬಂದದ್ದು 1954ರಲ್ಲಿ. ಹುಡುಗ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಪಾಪ, ಎಂಥ ಲೆಕ್ಕವನ್ನು ಹೊತ್ತು ಬಂದಿದ್ದಾನೆ ಎಂದುಕೊಂಡೆ. ನಮಗೆ ಆ ತಾಪತ್ರಯವಿಲ್ಲ, ನಾವೂ ವಸಾಹತಾಗಿದ್ದವರು, ಗಾಂಧಿಯ ನಾಡಿನವರು, ಟಾಂಜಾನಿಯಾದ ಮೊದಲ ಅಧ್ಯಕ್ಷ ನೈರೇರೆಯವರ ಸ್ನೇಹಿತರು ಎಂಬ ಭಾವನೆ ಭಾರತದಿಂದ ಬರುವ ಸ್ವಯಂಸೇವಕರಲ್ಲೆಲ್ಲ ಇರುತ್ತದೆ. ನಮಗೆ ಕೊಟ್ಟ ತರಬೇತಿಯಲ್ಲೂ ಮಲೇರಿಯಾ, ಪಾಸ್‌ಪೋರ್ಟ್ ಜೋಪಾನ, ಹಿರಿಯರಿಗೆ ನಮಸ್ಕಾರ ಹೇಳುವ ಬಗೆ ಎಲ್ಲವೂ ಇತ್ತು, ನಮಗೂ ಒಂದು ಲೆಕ್ಕ ಇರಬಹುದು ಎಂಬುದೊಂದು ಇರಲಿಲ್ಲ.

ಶಿಕ್ಷಕರ ಕೊಠಡಿಯಲ್ಲಿ ಭೂಗೋಳದ ಮೇಷ್ಟ್ರು ನನ್ನ ಊರು ಕೇಳಿದರು. ಹಾನಗಲ್ ಎಂದರೆ ಯಾರಿಗೆ ಗೊತ್ತು? ಹೊರಗೆ ಬಂದ ಕನ್ನಡಿಗರೆಲ್ಲ ಹೇಳುವಂತೆ ಬೆಂಗಳೂರು ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು 'ಹೆಸರಘಟ್ಟ ರಸ್ತೆ' ಎಂದರು, ಉಚ್ಚಾರ ಎಲ್ಲೂ ತಪ್ಪಲಿಲ್ಲ. ಅವರ ತಮ್ಮ ಅಲ್ಲಿ ಓದುತ್ತಿದ್ದನಂತೆ, 2016ರಲ್ಲಿ.

ಆ ವರ್ಷ ನಡೆದದ್ದನ್ನು ನಾವು ಮರೆತಿದ್ದೇವೆ. ಜನವರಿ 31ರ ರಾತ್ರಿ ಸುಡಾನಿನ ಒಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಥಳಿಸಿತು, ಕಾರಿಗೆ ಬೆಂಕಿ ಹಚ್ಚಿತು. ಬಣ್ಣ ಒಂದೇ ಆಗಿತ್ತು, ಅಷ್ಟು ಸಾಕಾಗಿತ್ತು. ನಮ್ಮ ಪತ್ರಿಕೆಗಳಲ್ಲಿ ಕೆಲವು ದಿನ ಸುದ್ದಿಯಾಗಿ ಮುಗಿಯಿತು. ಇಲ್ಲಿ ಅದು ಮನೆಮನೆಯ ಮಾತು, ಏಕೆಂದರೆ ಓದಲು, ಶಸ್ತ್ರಚಿಕಿತ್ಸೆಗೆ ಭಾರತಕ್ಕೆ ಹೋದವರು ಪ್ರತಿ ಬಳಗದಲ್ಲೂ ಒಬ್ಬರಿದ್ದಾರೆ.

ಮೇಷ್ಟ್ರು ದೂರುವ ಧಾಟಿಯಲ್ಲಿ ಹೇಳಲಿಲ್ಲ. ತಮ್ಮನಿಗೆ ಬೆಂಗಳೂರಿನ ಹವೆ ಇಷ್ಟವಾಗಿತ್ತಂತೆ, ಕಾಲೇಜಿನ ಒಬ್ಬ ಅಧ್ಯಾಪಕರನ್ನು ಈಗಲೂ ನೆನೆಯುತ್ತಾನಂತೆ. ಬಾಡಿಗೆ ಮಾತ್ರ ಪಕ್ಕದ ಮನೆಯವರಿಗಿಂತ ದುಪ್ಪಟ್ಟು. ಊಟಕ್ಕೆ ಯಾರಾದರೂ ಕರೆಯುತ್ತಿದ್ದರೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಇಲ್ಲವಂತೆ, ಪದವಿ ಮುಗಿಯುವವರೆಗೂ ಒಬ್ಬ ಕನ್ನಡಿಗನ ಮನೆಯ ಒಳಗನ್ನು ಅವನು ನೋಡಲಿಲ್ಲವಂತೆ ಎಂದರು. ಹೇಳಿ, ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಬೇರೆ ನಮೂನೆಯ ಪರಿಚಯವೂ ಇದೆ. ದಾರ್‌ನಲ್ಲಿ ನನ್ನನ್ನು ಉಳಿಸಿಕೊಂಡ ಭಾರತೀಯ ಕುಟುಂಬ ಪ್ರೀತಿಯಿಂದಲೇ ನೋಡಿಕೊಂಡಿತು, ಆದರೆ ಮನೆಗೆಲಸದ ನರೆಗೂದಲಿನ ಮನುಷ್ಯನನ್ನು ಅಲ್ಲಿನ ಮಕ್ಕಳೂ ಏಕವಚನದಲ್ಲಿ ಕೂಗುತ್ತಿದ್ದರು. 'ಇವರನ್ನು ನಂಬಬೇಡಿ' ಎಂಬ ಉಪದೇಶ ಊಟದ ಜೊತೆ ಉಪ್ಪಿನಕಾಯಿಯ ಹಾಗೆ ಬಂತು. ಎಲ್ಲರೂ ಹೀಗೆ ಎನ್ನಲಾರೆ. ನೈರೇರೆಯವರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಅಮೀರ್ ಜಮಾಲ್ ಭಾರತೀಯ ಮೂಲದವರೇ. 1971ರಲ್ಲಿ ಕಟ್ಟಡಗಳನ್ನು ರಾಷ್ಟ್ರೀಕರಿಸಿದಾಗ ತಲೆಮಾರುಗಳ ಗಳಿಕೆ ಕಳೆದುಕೊಂಡವರ ನೋವೂ ಸುಳ್ಳಲ್ಲ. ಆದರೂ ಹೊಸದಾಗಿ ಬರುವ ಸ್ವಯಂಸೇವಕ ಆ ಬೆಚ್ಚನೆಯ ಗೂಡಿನಲ್ಲಿ ಮೊದಲ ತಿಂಗಳು ಕಳೆಯಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸಾರು ಸಿಗುತ್ತದೆ, ಸಂಗಡ ಕಣ್ಣಿಗೆ ಕಪ್ಪುಕನ್ನಡಕವೂ ಸಿಗುತ್ತದೆ.

ಹಾಗೆಂದು ಆ ಕನ್ನಡಕ ಅಲ್ಲಿಯೇ ತಯಾರಾದದ್ದು ಎಂದರೆ ನಾನು ಸುಳ್ಳು ಹೇಳಿದಂತೆ. ನಮ್ಮ ಹಾನಗಲ್ಲಿಗೆ ಮುಂಡಗೋಡ ನೆರೆಯ ತಾಲ್ಲೂಕು. ಅಲ್ಲಿಂದ, ಯಲ್ಲಾಪುರದ ಕಡೆಯಿಂದ ಸಂತೆಗೆ ಬರುತ್ತಿದ್ದ ಸಿದ್ದಿಗಳು ನನ್ನಷ್ಟೇ ಚೆನ್ನಾಗಿ ಕನ್ನಡ ಮಾತನಾಡುತ್ತಿದ್ದರು. ಅವರ ಪೂರ್ವಜರನ್ನು ಇದೇ ಖಂಡದಿಂದ ಹಡಗುಗಳಲ್ಲಿ ತುಂಬಿ ತಂದು ಶತಮಾನಗಳಾಗಿವೆ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಕೊನೆಗೆ ತುಂಬುತ್ತಿತ್ತು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಸಂತೆಯಲ್ಲಿ ಅವರನ್ನು ದಿಟ್ಟಿಸಿ ನೋಡುವುದನ್ನು ಜನ ಇನ್ನೂ ಬಿಟ್ಟಿಲ್ಲ. ಇಲ್ಲಿ ಬೀದಿಯ ಮಕ್ಕಳು ನನ್ನನ್ನು ಕಂಡು 'ಮ್‌ಹಿಂದಿ', ಅಂದರೆ ಭಾರತೀಯ, ಎಂದು ಕೂಗಿ ಓಡುತ್ತಾರೆ. ಮಾಮಾ ಅವರನ್ನು ಗದರಿಸಿ, ನನಗೆ ನಮಸ್ಕಾರ ಹೇಳಿಸಿಯೇ ಬಿಡುತ್ತಾರೆ.

ಇನ್ನು ಪಾಠದ ಮಾತು. ಏಳು ವರ್ಷ ಸ್ವಾಹಿಲಿಯಲ್ಲಿ ಕಲಿತ ಮಕ್ಕಳಿಗೆ ಪ್ರೌಢಶಾಲೆಯಲ್ಲಿ ಎಲ್ಲವೂ ಒಮ್ಮೆಲೇ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಜಿಗಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ಒಂದು ಕೆಲಸದ ವಿಷಯ. ಭೂಗೋಳದ ಮೇಷ್ಟ್ರ ಅಕ್ಕನ ಮಗಳು ನರ್ಸಿಂಗ್ ಓದಲು ಬೆಂಗಳೂರಿಗೆ ಬರುತ್ತಿದ್ದಾಳೆ. 2016ರ ನಂತರವೂ ಅವರು ನಮ್ಮೂರಿಗೇ ಕಳಿಸುತ್ತಿದ್ದಾರೆ ಎಂಬುದನ್ನು ಗಮನಿಸಿ. ಚಿಕ್ಕಬಾಣಾವರ, ಸೋಲದೇವನಹಳ್ಳಿ ಕಡೆ ಒಂದು ಕೋಣೆಯ ಮನೆ ಬೇಕು. ನಿಮ್ಮದೇ ಮನೆ ಇದ್ದರೆ, ಅಥವಾ ಗೊತ್ತಿರುವವರದು ಇದ್ದರೆ, ನನಗೆ ಖಾಸಗಿಯಾಗಿ ಸಂದೇಶ ಕಳಿಸಿ. ಬಾಡಿಗೆ, ಮುಂಗಡ ಎಲ್ಲರಿಗೂ ಹೇಳುವಷ್ಟೇ ಹೇಳಿ. ಕರಾರು ಪತ್ರದಲ್ಲಿ ಯಾರ ಜವಾಬ್ದಾರಿ ಎಂಬ ಕಡೆ ನನ್ನ ತಮ್ಮ ಹಾನಗಲ್ಲಿನಿಂದ ಬಂದು ಸಹಿ ಹಾಕುತ್ತಾನೆ, ಅವನನ್ನು ಒಪ್ಪಿಸಿಯಾಗಿದೆ.